ಹಳ್ಳಿಗೊಂದು ಬಾಲ

ಜುಲೈ ತಿಂಗಳ ಒಂದು ಬೆಳಿಗ್ಗೆ ಒಂದನೇ ಕ್ಲಾಸಿನ ಹುಡುಗನೊಬ್ಬನ ತಾಯಿ ಬಾಗಿಲಲ್ಲಿ ನಿಂತು ದೂರು ಹೇಳಿದರು.

"ಬೇಜಾರು ಮಾಡ್ಕೋಬೇಡಿ ಮಿಸ್. ಪಕ್ಕದ್ಮನೆ ಕಾನ್ವೆಂಟ್ ಹುಡುಗಿ ಎ ಬಿ ಸಿ ಡಿ ಪೂರ್ತಿ ಒಪ್ಪಿಸ್ತಾಳೆ. ನಮ್ಮೋನಿಗೆ ಅ ಆ ಇ ಈನೇ ಬರಲ್ಲ. ಏನೋ ಕಲಿತೆ ಅಂದ್ರೆ ಗರಗಸ ಅಂತಾನೆ."

ತಪ್ಪು ಹುಡುಗನದಲ್ಲ, ನಲಿಕಲಿಯದು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಹುಟ್ಟಿ, 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ಈ ಪದ್ಧತಿಯಲ್ಲಿ ಅಕ್ಷರ ಶುರುವಾಗುವುದು ಅಕಾರದಿಂದಲ್ಲ. ರ, ಗ, ಸ, ದ, ಅ. ಹಳೆಯ ಕ್ರಮದಲ್ಲಾದರೆ ಮಗು ಯಾರಿಗೂ ಬೇಡದ ೠ ದಾಟಿ, ಙ ಞಗಳಿಗೆ ಕೈಮುಗಿದು, ಒಂದು ನೆಟ್ಟಗಿನ ಪದ ಬರೆಯುವಷ್ಟರಲ್ಲಿ ದಸರಾ ರಜೆ ಬಂದಿರುತ್ತಿತ್ತು. ಇಲ್ಲಿ ಐದೇ ಅಕ್ಷರಕ್ಕೆ ಸರ, ರಸ, ದರ, ಅರಸ, ಅಗಸ ಎಲ್ಲ ಕೈಗೆ ಬರುತ್ತವೆ. ಗರಗಸವಂತೂ ಮಕ್ಕಳ ಪಾಲಿಗೆ ಹಬ್ಬ. ನಾಲ್ಕಕ್ಷರದ ಅಷ್ಟುದ್ದದ ಪದ, ಅದರಲ್ಲೂ ಎರಡು ಗ.

ಇದನ್ನೆಲ್ಲ ಆ ತಾಯಿಗೆ ವಿವರಿಸಿದೆ. ಒಪ್ಪಿದ ಹಾಗೆ ಕಾಣಲಿಲ್ಲ. ವಾರದ ಮೇಲೆ ಅವರೇ ಮತ್ತೆ ಬಂದರು. "ಅವರಪ್ಪ ಮರಗೆಲಸ ಮಾಡೋದು ಮಿಸ್. ಇವನು ಚೀಲದ ಮೇಲೆಲ್ಲ ಸ್ಕೆಚ್ ಪೆನ್ನಲ್ಲಿ ಗರಗಸ ಅಂತ ಬರೆದಿಟ್ಟವ್ನೆ. ಅದನ್ನ ನೋಡಿ ಅವರಪ್ಪ ಎಲ್ಲರಿಗೂ ಟೀ ಕೊಡ್ಸಿದ್ರಂತೆ." ಅಲ್ಲಿಗೆ ಅ ಆ ಇ ಈ ಪ್ರಕರಣ ಇತ್ಯರ್ಥವಾಯಿತು.

ನಾನು ಮದ್ದೂರಿನ ಕಡೆಯವಳು. ವರ್ಗವಾಗಿ ಹಲಸೂರಿನ ಗಲ್ಲಿಯೊಂದರ ಈ ಶಾಲೆಗೆ ಬಂದಾಗ, ಬೆಂಗಳೂರಿಗೆ ಶುದ್ಧ ಕನ್ನಡ ಕಲಿಸಲು ಹೊರಟಿದ್ದೇನೆಂಬ ಸಣ್ಣ ಜಂಬವಿತ್ತು. ಬಂದು ನೋಡಿದರೆ ಒಂದೇ ಕೋಣೆ, ಮೂರು ತರಗತಿ, ಇಪ್ಪತ್ತೆಂಟು ಮಕ್ಕಳು. ತಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳ ಚಿತ್ರ ತೂಗುಹಾಕಿದ ಚಪ್ಪರ, ಗೋಡೆಯುದ್ದಕ್ಕೂ ಮೊಣಕಾಲೆತ್ತರದ ಕರಿಹಲಗೆ. ನಲಿಕಲಿಯಲ್ಲಿ ಗುಂಪಿಗೆ ತಟ್ಟೆ ಎನ್ನುತ್ತೇವೆ. ಮೊದಲನೇ ದಿನ ಹೊಸ ಹುಡುಗನೊಬ್ಬನಿಗೆ "ಎರಡನೇ ತಟ್ಟೆಗೆ ಹೋಗಪ್ಪ" ಅಂದೆ. ಅವನು ಸೀದಾ ಅಡುಗೆಮನೆಗೆ ಹೋಗಿ ಸ್ಟೀಲ್ ತಟ್ಟೆ ಹಿಡಿದು ಬಂದು ನಿಂತ. ಗಂಟೆ ಇನ್ನೂ ಹತ್ತೂವರೆ.

1809ರಲ್ಲಿ ಬ್ರಿಟಿಷರ ದಂಡು ಈ ಕಡೆ ಬೀಡುಬಿಟ್ಟಾಗ ಅದರ ಬೆನ್ನಿಗೇ ತಮಿಳು ಬಂತು. ಶಿವಾಜಿನಗರದ ದಖ್ಖನಿ ಉರ್ದು ಇಲ್ಲಿಗೆ ಕೂಗಳತೆಯ ದೂರ. ಕೆ.ಆರ್. ಪುರದ ಕಡೆ ಕಟ್ಟಡ ಎದ್ದಂತೆಲ್ಲ ಬಿಹಾರ, ಬಂಗಾಳ, ನೇಪಾಳಗಳೂ ಸೇರಿಕೊಂಡವು. ಇವರೆಲ್ಲರ ಮಕ್ಕಳು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ರ, ಗ, ಸ, ದ, ಅ ಎನ್ನುತ್ತಾರೆ. ಕಿಟಕಿಯಲ್ಲಿ ಮೆಟ್ರೊ ಕಂಡರೆ ಮಾತ್ರ ಎಲ್ಲ ಭಾಷೆಯವರೂ ಒಟ್ಟಿಗೆ ಎದ್ದು ಬೋಗಿ ಎಣಿಸುತ್ತಾರೆ. ಪ್ರತಿಸಲವೂ ಆರೇ. ಆದರೂ ಎಣಿಸಬೇಕು.

ಮೊದಲ ಜಗಳ ಹಾಲಿಂದ ಶುರುವಾಯಿತು. ಶಾಲೆಯಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಬಂದದ್ದು 2013ರಲ್ಲಿ. ಪುಡಿ ಕದಡಿ ಕಾಯಿಸಿದ ಹಾಲು, ಮಗುವಿಗೆ 150 ಮಿಲಿ. ನಮ್ಮ ಅಡುಗೆಯಮ್ಮ ಬಕೆಟ್ ಹೊತ್ತು ತಂದು ಬಾಗಿಲಲ್ಲಿ ಕೂಗುವುದು, "ಆಲು ಬಂತು, ಲೋಟ ತಗೊಳ್ರೋ!" ಶಿವಾಜಿನಗರದಿಂದ ಹೊಸದಾಗಿ ಸೇರಿದ ಹುಡುಗಿ ಲೋಟದೊಳಗೆ ಇಣುಕಿದಳು. ಬೆರಳದ್ದಿ ಕಲಕಿದಳು. ಕಡೆಗೆ ನನ್ನ ಹತ್ತಿರ ಬಂದು ಗುಟ್ಟಿನಲ್ಲಿ ಕೇಳಿದಳು, "ಮಿಸ್, ಎಲ್ಲಾರ್ದೂ ಲೋಟದಲ್ಲಿ ಆಲೂ ಇದೆಯಾ? ನಂದ್ರಲ್ಲಿ ಹಾಕೇ ಇಲ್ಲ."

ಮನೆಯಲ್ಲಿ ಅವಳಿಗೆ ಆಲೂ ಎಂದರೆ ಆಲೂಗಡ್ಡೆ. ನಾನು ಸಮಾಧಾನ ಮಾಡುವಷ್ಟರಲ್ಲಿ ಪಕ್ಕದ ತಮಿಳು ಹುಡುಗ ತೀರ್ಪು ಕೊಟ್ಟುಬಿಟ್ಟ. "ಅದು ಆಲೂ ಅಲ್ಲ ಕಣೇ, ಪಾಲು!"

ನನಗೆ ಡಿ.ಎಡ್. ಓದುವಾಗ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದು ನೆನಪಾಯಿತು. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು, ಪಾಲ್ ಹೋಗಿ ಹಾಲು ಬಂತು ಅಂತ. ಅಂದು ಉರುಹೊಡೆದು ಅಂಕ ತೆಗೆದುಕೊಂಡಿದ್ದೆ. ಇಲ್ಲಿ ತಮಿಳು ಹುಡುಗನ ಬಾಯಲ್ಲಿ ಪಾಲು, ನನ್ನ ಪುಸ್ತಕದಲ್ಲಿ ಹಾಲು, ಅಡುಗೆಯಮ್ಮನ ಬಾಯಲ್ಲಿ ಆಲು. ಸಾವಿರ ವರ್ಷದ ಭಾಷಾಚರಿತ್ರೆ ಒಂದೇ ಬಕೆಟ್ಟಿನಿಂದ ಬಗ್ಗಿಸಿಕೊಂಡು, ಮೇಲೆ ಕೆನೆಗಟ್ಟುತ್ತ ಕೂತಿತ್ತು.

ಅಡುಗೆಯಮ್ಮನನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ನಮ್ಮ ಕಡೆ ಹಕಾರ ನೆಂಟರ ಥರ, ಮದುವೆ ಮುಂಜಿಗೆ ಮಾತ್ರ ಬರುತ್ತದೆ. ಪಾಠ ಮಾಡುವಾಗ ಎಚ್ಚರವಾಗಿರುತ್ತೇನೆ. ಸಿಟ್ಟು ಬಂತೋ, "ಓಗ್ರೋ ಒರಗೆ!" ಒಮ್ಮೆ ಹಾಗೆ ಕೂಗಿದಾಗ ಮಕ್ಕಳು ಹೊರಗೆ ಹೋಗಲಿಲ್ಲ. ಮುಖ ಮುಖ ನೋಡಿಕೊಂಡು ಮುಸಿಮುಸಿ ನಕ್ಕರು. ಊರಿನ ವಿಷಯದಲ್ಲಂತೂ ಬ್ರಿಟಿಷರೂ ನಮ್ಮ ಕಡೆಯವರೇ. ಹಲಸೂರಿನ ಹಕಾರ ನುಂಗಿ ಅಲ್ಸೂರ್ ಎಂದು ಬೋರ್ಡು ಹಾಕಿಸಿದರು. ಉಕ್ತಲೇಖನದಲ್ಲಿ ಒಬ್ಬ 'ಅಲಸೂರು' ಅಂತ ಬರೆದ. ಕೆಂಪುಗೆರೆ ಎಳೆಯುವ ಮುಂಚೆ ಪೆನ್ನು ಒಂದು ಗಳಿಗೆ ಅಲ್ಲೇ ನಿಂತಿತು.

ಮಹಾಪ್ರಾಣದ ಕಥೆಯೇ ಬೇರೆ. ನಮ್ಮ ಪಟದಲ್ಲಿ ಖಗೆ ಖಡ್ಗ, ಠಗೆ ಠಸ್ಸೆ, ಢಗೆ ಢಕ್ಕೆ. ಆರು ವರ್ಷದ ಯಾವ ಮಗು ಠಸ್ಸೆ ಕಂಡಿದೆ? ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಕನ್ನಡದ ಮಕ್ಕಳಿಗೂ ಭಾಗ್ಯ ಎಂದರೆ ಬಾಗ್ಯವೇ. ಬರವಣಿಗೆಯಲ್ಲಿ ಮಹಾಪ್ರಾಣ ಬೇಡವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರಭಟ್ಟರು ಪುಸ್ತಕಗಳನ್ನೇ ಬರೆದು ವಾದಿಸಿದರು. ನನ್ನ ಕ್ಲಾಸಿನ ಮುಕ್ಕಾಲು ಪಾಲು ಅವನ್ನು ಓದದೆಯೇ ಭಟ್ಟರ ಪಕ್ಷ ಸೇರಿತ್ತು. ಕೊನೆಗೆ ಕಾಗದದ ಪಟ್ಟಿ ಕತ್ತರಿಸಿ ಎಲ್ಲರ ಕೈಗೂ ಕೊಟ್ಟೆ. ತುಟಿ ಮುಂದೆ ಹಿಡಿದು ಕ ಅಂದರೆ ಪಟ್ಟಿ ಸುಮ್ಮನಿರಬೇಕು, ಖ ಅಂದರೆ ಹಾರಬೇಕು. ಯಾರದೂ ಹಾರಲಿಲ್ಲ. ನಾನು ಹೇಳಿ ತೋರಿಸಿದೆ. ಅಲ್ಲಾಡಿತು, ಅಷ್ಟೆ. ಆಗ ಎದ್ದಳು, ಲೋಟದಲ್ಲಿ ಆಲೂ ಹುಡುಕಿದ್ದ ಹುಡುಗಿ. "ಖಾನಾ. ಘರ್. ಠೇಲಾ. ಢೋಲ್. ಭಾಯ್." ಪಟ್ಟಿ ಗಾಳಿಪಟದ ಬಾಲಂಗೋಚಿಯ ಹಾಗೆ ಎದ್ದೆದ್ದು ಬಿತ್ತು. ಅವತ್ತಿನಿಂದ ನಮ್ಮ ಕ್ಲಾಸಿನಲ್ಲಿ ಮಹಾಪ್ರಾಣದ ಮಿಸ್ ಅವಳೇ. ಪಟ್ಟಿಯ ಆಟವನ್ನು ಮಕ್ಕಳು ಹಕಾರಕ್ಕೂ ಹೊಂದಿಸಿಕೊಂಡರು. ಯಾರಾದರೂ ಹ ನುಂಗಿದರೆ ಪಕ್ಕದವರು ಅವರ ಬಾಯಿ ಮುಂದೆ ಪಟ್ಟಿ ಹಿಡಿಯುವುದು. ಅಡುಗೆಯಮ್ಮನಿಗೂ ಹಿಡಿದರು. ಅವರು ಸೌಟು ತೋರಿಸಿದರು.

ಬಂಗಾಳದ ಪುಟ್ಟನೊಬ್ಬ ವನಕ್ಕೆ ಬನ ಎನ್ನುತ್ತಾನೆ. ಅವನನ್ನು ನಾನು ತಿದ್ದುವುದಿಲ್ಲ. ವನ ಬನವಾಗುತ್ತದೆಂದು ಹದಿಮೂರನೇ ಶತಮಾನದಲ್ಲೇ ವೈಯಾಕರಣ ಕೇಶಿರಾಜ ರುಜು ಹಾಕಿದ್ದಾನೆ, ನಾನ್ಯಾರು?

ಹಾಗೆಂದು ಮಹಾಪ್ರಾಣದ ಮಿಸ್ಸಿಗೆ ಎಲ್ಲವೂ ಬರುತ್ತದೆಂದಲ್ಲ. ಅವಳ ನಾಲಗೆ ಹಿಂದಕ್ಕೆ ಮಡಚುವುದಿಲ್ಲ. ಳಕಾರವೆಲ್ಲ ಲಕಾರ. 'ನಮ್ಮ ಹಳ್ಳಿ' ಚಿತ್ರ ಬರೆಯಿರಿ ಅಂದ ದಿನ ಬೇರೆಯವರು ಗುಡ್ಡ, ಅದರ ಹಿಂದೆ ಸೂರ್ಯ, ಮುಂದೆ ತೆಂಗಿನಮರ ಬರೆದರು. ಒಬ್ಬ ಹಳ್ಳಿಗೂ ಮೆಟ್ರೊ ಬಿಟ್ಟಿದ್ದ. ಇವಳ ಹಾಳೆಯಲ್ಲಿ ಒಂದು ಟ್ಯೂಬ್‌ಲೈಟು, ಪಕ್ಕದಲ್ಲಿ ನಾಲ್ಕು ಕಾಲು ಗೋಡೆಗೆ ಒತ್ತಿ ಹಿಡಿದ ಹಲ್ಲಿ. ಬೆರಳ ತುದಿಯ ಗುಂಡುಗಳನ್ನೂ ಬಿಟ್ಟಿರಲಿಲ್ಲ. ಬಾಲ ಹಾಳೆಯ ಅಂಚಿನವರೆಗೆ ಹೋಗಿ, ಜಾಗ ಸಾಲದೆ ಹಿಂದಕ್ಕೆ ಸುತ್ತಿಕೊಂಡಿತ್ತು. ಕೆಳಗೆ ಮುತ್ತಿನಂಥ ಅಕ್ಷರದಲ್ಲಿ 'ನಮ್ಮ ಹಳ್ಳಿ' ಅಂತ ಬೋರ್ಡು ನೋಡಿ ಬರೆದಿದ್ದಳು.

"ಏನಮ್ಮ ಇದು?"

"ನಮ್ದು ಹಲ್ಲಿ ಮಿಸ್. ಅಡುಗೆಮನೇಲಿ ಇರುತ್ತೆ."

"ನಾನು ಹೇಳಿದ್ದು ಹಳ್ಳಿ."

"ಹಾಂ ಮಿಸ್, ಹಲ್ಲಿ."

ತೀರ್ಪುಗಾರ ಎದ್ದ. "ಮಿಸ್, ನಮ್ಮನೇಲಿ ಪಲ್ಲಿ ಅಂದ್ರೆ ಇದು. ಪಳ್ಳಿ ಅಂದ್ರೆ ಸ್ಕೂಲು. ಇವಳಿಗೆ ನಾನು ಹೇಳ್ಕೊಡ್ತೀನಿ." ಬಿಡುವಿನ ವೇಳೆಯಲ್ಲಿ ಇಬ್ಬರೂ ಮೂಲೆಯಲ್ಲಿ ಕೂತರು. ಅವನು ಬಾಯಗಲಿಸಿ ನಾಲಗೆ ಎಲ್ಲಿ ಮಡಚಬೇಕೆಂದು ತೋರಿಸುವುದು, ಅವಳು ಕಣ್ಣು ಕಿರಿದು ಮಾಡಿ ಒಳಗೆ ನೋಡುವುದು, ದಂತವೈದ್ಯರ ಕ್ಲಿನಿಕ್ಕಿನ ಹಾಗೆ. ಪ್ರತಿಯಾಗಿ ಇವಳಿಂದ ಅವನಿಗೆ ಖ, ಘ. ಚಿತ್ರವನ್ನು ನಾನು ಚಪ್ಪರಕ್ಕೆ ಕಟ್ಟಿದೆ.

ಡಿಸೆಂಬರಿನಲ್ಲಿ, ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಕ್ಲಸ್ಟರಿನ ಸಿಆರ್‌ಪಿ ಭೇಟಿಗೆ ಬಂದರು. ಒಳ್ಳೆಯ ಮನುಷ್ಯರು, ಸ್ವಲ್ಪ ಗಂಭೀರ. ಕತ್ತೆತ್ತಿ ಚಪ್ಪರ ನೋಡುತ್ತ ಬಂದವರು ಒಂದು ಕಡೆ ನಿಂತರು.

"ಇದೇನ್ರೀ ಮೇಡಂ, ಹಳ್ಳಿಗೆ ಬಾಲ?"

ಬರೆದವಳನ್ನೇ ಕರೆದು ಓದಲು ಹೇಳಿದೆ. ಅವಳು ಉಸಿರೆಳೆದುಕೊಂಡಳು. ಮೂಲೆಯಲ್ಲಿ ಅವಳ ಮೇಷ್ಟ್ರು ತಾನೇ ನಾಲಗೆ ಮಡಚಿ ಕಾಯುತ್ತಿದ್ದ. "ನಮ್ಮ... ಹಳ್... ಳಿ." ಳಕಾರ ಬೇಕಾದ್ದಕ್ಕಿಂತ ಚೂರು ಜಾಸ್ತಿಯೇ ಮಡಚಿಕೊಂಡು ಬಂತು. ಇಪ್ಪತ್ತೇಳು ಮಕ್ಕಳು ಚಪ್ಪಾಳೆ ಹೊಡೆದರು. ಸಾಹೇಬರೂ ಹೊಡೆದರು.

"ಗುಡ್. ಉಚ್ಚಾರಣೆ ಬಹಳ ಮುಖ್ಯ," ಎನ್ನುತ್ತ ನನ್ನ ಕುರ್ಚಿಯಲ್ಲಿ ಕೂತು ಪೆನ್ನು ತೆಗೆದರು. "ಎಲ್ಲಿ ಮೇಡಂ, ಆಜರಿ ಪುಸ್ತಕ ಕೊಡಿ."

ಕ್ಲಾಸು ಗಪ್‌ಚಿಪ್ಪಾಯಿತು. ನಾನು ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿರುವಂತೆಯೇ ಮಹಾಪ್ರಾಣದ ಮಿಸ್ ಜೇಬಿನಿಂದ ಕಾಗದದ ಪಟ್ಟಿ ತೆಗೆದು, ಹಿಮ್ಮಡಿ ಎತ್ತಿ ನಿಂತು, ಸಾಹೇಬರ ಮೀಸೆಯ ಮುಂದೆ ನೇರವಾಗಿ ಹಿಡಿದಳು.

"ಸರ್, ಇನ್ನೊಂದ್ಸಲ ಹೇಳಿ."