ನರೇಗಲ್ಲಿನ ಅಂಗಿಶಾಸನಗಳು: ಒಂದು ಲಿಪಿಶಾಸ್ತ್ರೀಯ ವಿವೇಚನೆ

ಕನ್ನಡದ ಶಾಸನಗಳನ್ನು ವಿದ್ವಾಂಸರು ಇಲ್ಲಿಯತನಕ ಕಲ್ಲು ಮತ್ತು ತಾಮ್ರದ ಮೇಲೆ ಹುಡುಕಿದರು. ಹತ್ತಿ ಮತ್ತು ಪಾಲಿಯೆಸ್ಟರನ್ನು ಯಾರೂ ತಿರುವಿ ನೋಡಲಿಲ್ಲ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಹೊರಬಂದಿತು. ಅದರಲ್ಲಿ ಟೀ-ಶರ್ಟಿನ ಸೊಲ್ಲಿಲ್ಲ. ಆಗ ಅಂಥ ಆಕರವೇ ಇರಲಿಲ್ಲ ಎಂದು ಅವರ ಪರವಾಗಿ ಯಾರಾದರೂ ವಾದಿಸಿದರೆ ಆ ವಾದವನ್ನು ನಾವು ವಿನಯದಿಂದ ಖಂಡಿಸುತ್ತೇವೆ. 1948ರಲ್ಲೇ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತ ಥಾಮಸ್ ಡ್ಯೂಯಿಯ ಹೆಸರು ಅಚ್ಚಾದ ಟೀ-ಶರ್ಟ್ ಹೊರಬಂದಿತ್ತು. ಡ್ಯೂಯಿ ಸೋತ. ಈ ಎರಡನೆಯ ಸಂಗತಿ ನಮ್ಮ ಭಾಗದ ಯುವ ನಾಯಕರಿಗೆ ಇನ್ನೂ ಮುಟ್ಟಿಲ್ಲ.

ಪೂರ್ವಪಕ್ಷ ಇಷ್ಟು: ‘ನಿಮ್ಮ ಟೀ-ಶರ್ಟ್, ನಿಮ್ಮದೇ ಡಿಸೈನ್’ ಎಂದು ಅಂಗಡಿಯ ಬೋರ್ಡು ಹೇಳುತ್ತದೆ, ಆದ್ದರಿಂದ ಅಂಗಿಯ ಮೇಲಿನ ಬರಹ ತೊಟ್ಟವನ ಸ್ವಂತ ಅಭಿವ್ಯಕ್ತಿ. ನಮ್ಮ ಸಿದ್ಧಾಂತ ಇದಕ್ಕೆ ತದ್ವಿರುದ್ಧ. ಗದಗ ಜಿಲ್ಲೆಯ ನರೇಗಲ್ ಸೀಮೆಯಲ್ಲಿ ಅಂಗಿಯ ಬರಹವೆಂಬುದು ಅಪ್ಪಟ ದಾನಶಾಸನ. ಬರೆಯಿಸಿದವನು ದಾನಿ, ಕಂಡರಿಸಿದವನು ರೇಡಿಯಂ ಅಂಗಡಿಯವನು. ತೊಟ್ಟವನು ಬರೀ ಕಲ್ಲು.

ಸಂಶೋಧನೆಗೆ ನರೇಗಲ್ಲನ್ನೇ ಯಾಕೆ ಆರಿಸಿಕೊಂಡಿರಿ ಎಂದು ಪಕ್ಕದ ಗಜೇಂದ್ರಗಡದವರು ಕೇಳಿಯೇ ಕೇಳುತ್ತಾರೆ. ಉತ್ತರ ಊರೊಳಗೇ ಇದೆ. ಜನ ನಾರಾಯಣ ಗುಡಿ ಎನ್ನುವ ಕಟ್ಟಡ ಮೂಲತಃ ರಾಷ್ಟ್ರಕೂಟರ ಕಾಲದ ಜೈನ ಬಸದಿ. ಕ್ರಿ.ಶ. 950ರ ಸುಮಾರಿಗೆ ಅದನ್ನು ಕಟ್ಟಿಸಿದವಳು ಪದ್ಮಬ್ಬರಸಿ, ಗಂಗ ಅರಸ ಬೂತುಗನ ರಾಣಿ. ಈ ಬೂತುಗ ಸಾಮಾನ್ಯನಲ್ಲ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದವನು. ಆ ಕಾಳಗದಲ್ಲಿ ಪರಾಕ್ರಮ ತೋರಿದ ಅವನ ಕಡೆಯ ವೀರ ಮಣಲೇರನಿಗೆ “ಏನು ಬೇಕು ಕೇಳು” ಅಂದಾಗ, ಅವನು ಊರು ಕೇಳಲಿಲ್ಲ, ಉಂಬಳಿ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ನಾಯಿ-ಹಂದಿಯ ಚಿತ್ರ ಕೆತ್ತಿಸಿ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ಅದೀಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಹಾವೇರಿ ಕಡೆಯ ಹೋರಿ ಹಬ್ಬಕ್ಕೆ ಹೋಗಿ ಬಂದವರಿಗೆ ಇಲ್ಲಿ ಮೈ ಜುಮ್ಮೆನ್ನಬೇಕು. ಕೊಬ್ಬರಿ ಸರ ಕಟ್ಟಿಕೊಂಡು ಓಡುವ ಹೋರಿಗೊಂದು ಹೆಸರು, ಹೆಸರಿಗೊಂದು ಬಿರುದು, ಬಿರುದಿಗೊಂದು ಅಭಿಮಾನಿ ಬಳಗ, ಬಳಗದ ಎದೆಯ ಮೇಲೆ ಹೋರಿಯ ಚಿತ್ರ. ಸಾವಿರ ವರ್ಷದಲ್ಲಿ ಬದಲಾದದ್ದು ಕಲ್ಲು ಹೋಗಿ ಬಟ್ಟೆ ಬಂದದ್ದು ಮಾತ್ರ. ನಾಯಿ ಹೋಗಿ ಹೋರಿ ಬಂತು ಎಂಬುದು ಗೌಣ ಪಾಠಾಂತರ.

ಇನ್ನು ಶಾಸನದ ಅಂಗರಚನೆ. ಸಾಮಂತನ ಹೆಸರು ಬರುವ ಮೊದಲು ‘ಸಮಧಿಗತ ಪಂಚಮಹಾಶಬ್ದ’ ಎಂಬ ಬಿರುದು ಬರುವುದು ಹಳೆಯ ಪದ್ಧತಿ. ಐದು ವಾದ್ಯಗಳ ನಾದ ಮೊಳಗಿಸಿಕೊಳ್ಳುವ ಹಕ್ಕು ಪಡೆದವನು ಎಂದರ್ಥ. ನಮ್ಮ ಅಂಗಿಗಳ ಬೆನ್ನ ಮೇಲೆ ದಾನಿಯ ಹೆಸರಿನ ಹಿಂದೆ ಬರುವುದೇನು? ಯುವ ನಾಯಕರು, ಸಮಾಜ ಸೇವಕರು, ಕ್ರೀಡಾ ಪ್ರೇಮಿಗಳು, ಬಡವರ ಬಂಧುಗಳು, ಕೊಡುಗೈ ದಾನಿಗಳು. ಎಣಿಸಿ ನೋಡಿ, ಐದೇ. ಡಿಜೆಯನ್ನು ಆರನೆಯದಾಗಿ ಸೇರಿಸಬೇಕೇ ಎಂಬ ಚರ್ಚೆ ಗಣೇಶನ ಹಬ್ಬ ಬಂದಾಗಲೆಲ್ಲ ಏಳುತ್ತದೆ, ಪೊಲೀಸರು ಬಂದಾಗ ನಿಲ್ಲುತ್ತದೆ.

ಪಠ್ಯ ಹುಟ್ಟುವ ಬಗೆಯನ್ನು ತಿಳಿಯಲು ಅಂಗಡಿಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಕ್ಷೇತ್ರಕಾರ್ಯ ಮಾಡಲಾಯಿತು. ಬೈಕಿನ ನಂಬರ್ ಪ್ಲೇಟು, ಟ್ರ್ಯಾಕ್ಟರಿನ ಹಿಂದಿನ ‘ತಾಯಿಯ ಆಶೀರ್ವಾದ’, ಮದುವೆಯ ಫೋಟೋ ಇರುವ ಟೀ ಕಪ್ಪು, ಟೀ-ಶರ್ಟು ಎಲ್ಲವೂ ಅಲ್ಲೇ. ಜಾತ್ರೆಗೆ ಅಂಗಿ ಹೊಡೆಸಲು ಬಂದ ಹುಡುಗನಿಗೂ ಅಂಗಡಿಯವನಿಗೂ ನಡೆದ ಸಂವಾದವನ್ನು ಯಥಾವತ್ತಾಗಿ ಕೊಡುತ್ತಿದ್ದೇವೆ (ಅಜ್ಜಾರು ಅಂದರೆ ಮಠದ ಸ್ವಾಮಿಗಳು):

“ಅಣ್ಣಾ, ಮುಂದ ಅಜ್ಜಾರ ಫೋಟೋ, ಹಿಂದ ಸಂಘದ ಹೆಸರು, ತೋಳಿಗೆ ಬಾವುಟ. ಇಷ್ಟ.”

“ದಾನಿಗಳ ಹೆಸರು ಎಲ್ಲಿ ಹಾಕಲೋ?”

“ಅದನ್ನ ಮ್ಯಾಲ ಹಾಕ್ರಿ, ದೊಡ್ಡದ. ರೊಕ್ಕ ಅವರ ಕೊಡಾವ್ರು.”

“ಅಜ್ಜಾರು ಸಣ್ಣ ಆಕ್ಕಾರಲ್ಲೋ ತಮ್ಮಾ.”

“ಆಗ್ಲಿ ಬಿಡ್ರಿ. ಅಜ್ಜಾರು ಎಲ್ಲಾರಿಗೂ ಗೊತ್ತದಾರ. ಈ ದಾನಿನ್ನ ಯಾರು ಗುರ್ತ ಹಿಡೀತಾರ?”

ದಾನಶಾಸನದ ಸಮಗ್ರ ಮೀಮಾಂಸೆ ಕೊನೆಯ ಸಾಲಿನಲ್ಲಿದೆ. ಇದನ್ನು ಹೇಳಲು ನಮ್ಮ ವಿಶ್ವವಿದ್ಯಾಲಯಗಳಿಗೆ ಎರಡು ಸಂಪುಟ ಬೇಕಾಗುತ್ತಿತ್ತು.

ಪ್ರತಿಮಾಲಕ್ಷಣದ ಬಗ್ಗೆಯೂ ಒಂದು ಮಾತು. ದಾನಿಯ ಫೋಟೋ ಹತ್ತಾರು ವಾಟ್ಸಾಪ್ ಗುಂಪುಗಳನ್ನು ಹಾದು ಬರುವುದರಿಂದ ಮುಖ ಚೌಕಚೌಕವಾಗಿ ಒಡೆದಿರುತ್ತದೆ. ದೂರದಿಂದ ನೋಡಿದರೆ ಕಂಬಳಿ, ಹತ್ತಿರದಿಂದ ನೋಡಿದರೆ ಚದುರಂಗ. ಅದು ಬಹುತೇಕ ಯಾವುದೋ ಮದುವೆಯ ಗುಂಪು ಫೋಟೋದಿಂದ ಕತ್ತರಿಸಿದ್ದು. ಹಾಗಾಗಿ ಎಡಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಉಳಿದುಕೊಂಡಿರುತ್ತವೆ. ಕೆಲವರು ಇದನ್ನು ಕತ್ತರಿಯ ದೋಷವೆನ್ನುತ್ತಾರೆ. ನಾವು ಅದನ್ನು ಹೈಕಮಾಂಡಿನ ಅಭಯಹಸ್ತವೆಂದು ಗುರುತಿಸುತ್ತೇವೆ.

ಲಿಪಿಯ ವಿಚಾರಕ್ಕೆ ಬಂದರೆ ನಗು ಸ್ವಲ್ಪ ಕಡಿಮೆಯಾಗುತ್ತದೆ. ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಕಳಚಿ ಬೀಳುತ್ತದೆ. ‘ಗಜೇಂದ್ರಗಡ ಮಿತ್ರ ಬಳಗ’ ಹೋಗಿ ‘ಗಜೇಂದ್‌ರಗಡ ಮಿತ್‌ರ ಬಳಗ’ ಆಗುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿ ತಂದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡವೇ ಮಾಯವಾಗಿ ಯುರೋಪಿನ ಯಾವುದೋ ನುಡಿಗೆ ನೆಗಡಿಯಾದಂತೆ ಕಾಣುತ್ತದೆ. ಜಿಲ್ಲಾ ಕೇಂದ್ರ ಗದಗಿಗೆ ಮುದ್ರಣಕಾಶಿ ಎಂಬ ಹೆಸರಿದೆ. ಅಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಂಪೋಜಿಟರುಗಳು ಒತ್ತನ್ನು ಅದರ ಜಾಗದಲ್ಲೇ ಕೂರಿಸುತ್ತಿದ್ದರು. ಅದೇ ಜಿಲ್ಲೆಯಲ್ಲಿ ಇವತ್ತು ರಕಾರದ ಒತ್ತು ಅಂಗಿಯ ತುಂಬ ಅನಾಥವಾಗಿ ತಿರುಗುತ್ತಿದೆ. ಐನೂರು ವರ್ಷದ ನಂತರದ ಲಿಪಿತಜ್ಞರು ಈ ಅಂಗಿಗಳನ್ನು ಅಗೆದು ತೆಗೆದು, ‘21ನೆಯ ಶತಮಾನದಲ್ಲಿ ಬೆಳ್ವೊಲ ನಾಡಿನ ಕನ್ನಡ ಒತ್ತಕ್ಷರವನ್ನು ತ್ಯಜಿಸಿತು’ ಎಂದು ಬರೆದರೆ ಅವರನ್ನು ತಿದ್ದಲು ನಾವಿರುವುದಿಲ್ಲ. ಈಗಲೇ ತಿದ್ದಬಹುದು, ಆದರೆ ಆರ್ಡರ್ ನಾಳೆ ಬೆಳಿಗ್ಗೆಗೆ ಬೇಕಂತೆ.

ಅಚ್ಚಿನ ತಂತ್ರಗಳನ್ನು ಕುರಿತು ಮೂರು ದರ್ಶನಗಳಿವೆ. ಡಿಟಿಎಫ್ ಮತದವರು ದ್ವೈತಿಗಳು: ಚಿತ್ರವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹೊಡೆದು, ಅಂಟಿನ ಪುಡಿ ಉದುರಿಸಿ ಕರಗಿಸಿ, ಹೀಟ್ ಪ್ರೆಸ್ಸಿನಲ್ಲಿ ಬಟ್ಟೆಗೆ ಒತ್ತುತ್ತಾರೆ. ಬಟ್ಟೆ ಬೇರೆ, ಚಿತ್ರ ಬೇರೆ. ಉಗುರಿನಿಂದ ಕೆರೆದರೆ ಭೇದ ಸಾಕ್ಷಾತ್ಕಾರವಾಗುತ್ತದೆ. ಸ್ಕ್ರೀನ್ ಪ್ರಿಂಟಿಂಗಿನವರು ವಿಶಿಷ್ಟಾದ್ವೈತಿಗಳು: ಬಣ್ಣಕ್ಕೊಂದು ಜಾಲರಿಯ ಚೌಕಟ್ಟು ಮಾಡಿ, ಬಣ್ಣವನ್ನು ಎಳೆದು ನೂಲಿಗೆ ಹಿಡಿಸುತ್ತಾರೆ, ಸೇರಿಯೂ ಬೇರೆ. ಸಬ್ಲಿಮೇಷನ್ನಿನಲ್ಲಿ ಮಾತ್ರ ಸುಮಾರು 200 ಡಿಗ್ರಿ ಶಾಖಕ್ಕೆ ಕಾಗದದ ಮೇಲಿನ ಬಣ್ಣ ಆವಿಯಾಗಿ ಪಾಲಿಯೆಸ್ಟರಿನೊಳಗೇ ಲೀನವಾಗುತ್ತದೆ. ಅದನ್ನು ಅದ್ವೈತ ಅಂದರೆ ನಮ್ಮ ಭಾಗದ ಮಠದ ಭಕ್ತರು ಒಪ್ಪುವುದಿಲ್ಲವಾದ್ದರಿಂದ ಐಕ್ಯಸ್ಥಲ ಎಂದು ಕರೆಯೋಣ. ಇದು ತಿಳಿಬಣ್ಣದ ಪಾಲಿಯೆಸ್ಟರಿಗಷ್ಟೇ ದಕ್ಕುತ್ತದೆ. ಹತ್ತಿಗೆ ಈ ಮೋಕ್ಷವಿಲ್ಲ. ಮೇ ತಿಂಗಳ ಬಿಸಿಲಲ್ಲಿ ಐಕ್ಯಸ್ಥಲದ ಅಂಗಿ ತೊಟ್ಟು ಟೆನಿಸ್ ಬಾಲ್ ಕ್ರಿಕೆಟ್ ಆಡಿದವನಿಗೆ ಮೋಕ್ಷ ತೀರ ಸಮೀಪವಿದ್ದಂತೆ ಅನ್ನಿಸುತ್ತದೆ.

ಆರ್ಥಿಕ ಆಯಾಮ ಇಲ್ಲೇ ಅಡಗಿದೆ. ಸ್ಕ್ರೀನ್ ಕಟ್ಟುವ ಖರ್ಚು ಒಂದು ಅಂಗಿಗೂ ಅಷ್ಟೇ, ನೂರಕ್ಕೂ ಅಷ್ಟೇ. ಆದ್ದರಿಂದ “ಒಂದ ಪೀಸ್ ಆಗೂದಿಲ್ರಿ” ಎಂಬುದು ಆ ದರ್ಶನದ ಮಹಾವಾಕ್ಯ. ಸ್ವಂತ ಡಿಸೈನ್ ಬೇಕಾದವನು ಮೊದಲು ಗೆಳೆಯರನ್ನು ಕೂಡಿಸಬೇಕು, ಗೆಳೆಯರು ಕೂಡಿದರೆ ಸಂಘ, ಸಂಘವಾದರೆ ಚಂದಾ, ಚಂದಾ ಸಾಲದಿದ್ದರೆ ದಾನಿ. ಆಮೇಲೆ ಡಿಸೈನ್ ಯಾರದು? ಡಿಟಿಎಫ್ ಬಂದ ಮೇಲೆ ಒಂದೇ ಅಂಗಿಯೂ ಸಾಧ್ಯವಾಯಿತು, ನಮ್ಮ ಸಿದ್ಧಾಂತ ಉರುಳಿತು ಎಂದು ನಾವೂ ಹೆದರಿದ್ದೆವು. ಆದರೆ ಒಬ್ಬನೇ ಬಂದು ಒಂದೇ ಅಂಗಿ ಕೇಳಿದ ಹುಡುಗ ಬರೆಯಿಸಿದ್ದು ‘ನನ್ನ ಸ್ಟೈಲ್ ನಂದು’. ಅಂಗಡಿಯವನು ಟೈಪಿಸಲು ಹೋಗಲಿಲ್ಲ; ಆ ಸಾಲು ಮೊದಲೇ ಫೋಲ್ಡರಿನಲ್ಲಿ ಸೇವ್ ಆಗಿತ್ತು.

ಖಾಲಿ ಅಂಗಿ ಬರುವುದು ತಮಿಳುನಾಡಿನ ತಿರುಪ್ಪೂರಿನಿಂದ. ಪಕ್ಕದ ಗಜೇಂದ್ರಗಡದಲ್ಲಿ ಕೈಮಗ್ಗದ ನೇಕಾರರಿದ್ದಾರೆ, ಚೌಕುಳಿಯ ಪಟ್ಟೆದಂಚು ಸೀರೆ ಆ ಭಾಗದ್ದೇ. ಅದರ ಎರಡೂ ಮಗ್ಗುಲು ಒಂದೇ ಥರ, ಹೇಗೆ ಉಟ್ಟರೂ ಸೈ. ಎದೆಯ ಮೇಲೆ ದೇವರು, ಬೆನ್ನ ಮೇಲೆ ದಾನಿ ಎಂಬ ಭೇದ ಅದಕ್ಕಿಲ್ಲವಾದ್ದರಿಂದ ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. 1980ರ ನರಗುಂದ ಬಂಡಾಯದ ನಂತರ ಬೆಳೆದ ರೈತ ಚಳವಳಿಯ ಹಸಿರು ಶಾಲೂ ಅಷ್ಟೇ. ಅದರ ಮೇಲೆ ಅಕ್ಷರವಿಲ್ಲ, ಫೋಟೋ ಇಲ್ಲ. ಆದರೂ ಕಂಡಕೂಡಲೇ ಅಧಿಕಾರಿಗಳು ಓದಿಕೊಳ್ಳುತ್ತಿದ್ದರು.

ಶಾಸನದ ಕೊನೆಗೆ ಶಾಪಾಶಯ ಇರಲೇಬೇಕು. ಇದನ್ನು ಅಳಿಪಿದವರು ಕಾಶಿಯಲ್ಲಿ ಕವಿಲೆ ಕೊಂದ ಪಾಪಕ್ಕೆ ಹೋಗುತ್ತಾರೆ ಎಂಬ ಎಚ್ಚರಿಕೆ ಹಿಂದೆ ಇತ್ತು. ಅಂಗಿಶಾಸನದ ಶಾಪಾಶಯ ಬಾಯಿಮಾತಿನದು: “ಬಿಸಿನೀರಾಗ ಹಾಕಬ್ಯಾಡ್ರಿ, ಬ್ರಶ್ ತಿಕ್ಕಬ್ಯಾಡ್ರಿ, ಪ್ರಿಂಟಿನ ಮ್ಯಾಲ ಇಸ್ತ್ರಿ ಹೊಡೀಬ್ಯಾಡ್ರಿ.” ಇದನ್ನು ಮೀರುವವರು ಮನೆಯ ಅವ್ವಂದಿರು. ಬಂಡೆಗಲ್ಲಿನ ಮೇಲೆ ನಾಲ್ಕು ಸಲ ಕುಕ್ಕಿದರೆ ಮೊದಲು ಬಡವರ ಬಂಧು ಹೋಗುತ್ತಾನೆ, ಆಮೇಲೆ ಸಮಾಜ ಸೇವಕ. ಯುವ ನಾಯಕ ಮಾತ್ರ ಬಹಳ ದಿನ ಗಟ್ಟಿಯಾಗಿ ಹಿಡಿದುಕೊಂಡಿರುತ್ತಾನೆ.

ಕೊನೆಗೆ ಅಂಗಿ ಹೊಲಕ್ಕೆ ಹೋಗುತ್ತದೆ. ಹಿಂಗಾರಿ ಬಿಳಿಜೋಳ ಹಾಲುಗಾಳಾದಾಗ ಹಕ್ಕಿ ಬೆದರಿಸಲು ನಿಲ್ಲಿಸುವ ಗೊಂಬೆಗೆ ತೊಡಿಸುವುದು ಇದನ್ನೇ, ದಾನಿಯ ಮುಖ ರಸ್ತೆಯ ಕಡೆಗೆ. ಇಲ್ಲಿ ಒಂದು ಕಾನೂನು ತೊಡಕಿದೆ. ಚುನಾವಣೆಯ ನೀತಿಸಂಹಿತೆ ಜಾರಿಯಾದಾಗ ನಾಯಕರ ಹೆಸರಿರುವ ಬೋರ್ಡುಗಳಿಗೆ ಕಾಗದ ಹಚ್ಚುತ್ತಾರೆ; ಬೆದರುಗೊಂಬೆಯ ಎದೆಗೂ ಹಚ್ಚಬೇಕೇ, ಹಚ್ಚಿದರೆ ಹಕ್ಕಿಗಳು ಹೆದರುತ್ತವೆಯೇ ಎಂದು ಸ್ಪಷ್ಟನೆ ಕೋರಿ ತಹಶೀಲ್ದಾರರಿಗೆ ಅರ್ಜಿ ಬರೆದಿದ್ದೇವೆ. ಅರ್ಜಿಯ ನಕಲನ್ನು ದಾನಿಗಳಿಗೂ ಕಳಿಸಲಾಗಿದೆ. ಮುಂದಿನ ವರ್ಷದ ಅಂಗಿಗೆ ಅಳತೆ ಕೊಡುವಾಗ ಗೊಂಬೆಯದನ್ನೂ ಸೇರಿಸಬಹುದೇ ಎಂದು ಅವರು ಆಗಲೇ ಫೋನ್ ಮಾಡಿ ಕೇಳಿದ್ದಾರೆ.