ಬಿಸ್ಕತ್ತು ಡಬ್ಬದೊಳಗಿನ ವೈರುಗಳು: ಒಂದು ಉತ್ಖನನ ವರದಿ

ಕರ್ನಾಟಕದ ಪುರಾತತ್ತ್ವಕ್ಕೆ ಘನವಾದ ಪರಂಪರೆಯಿದೆ. 1936ರಲ್ಲಿ ಎಂ.ಎಚ್. ಕೃಷ್ಣ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ನೆಲವನ್ನು ಪದರ ಪದರವಾಗಿ ಬಿಡಿಸಿ, ತಳದಲ್ಲಿ ಕಲ್ಲುಕೊಡಲಿಯವರು, ಅವರ ಮೇಲೆ ಬೃಹತ್ ಶಿಲಾಸಮಾಧಿಯವರು, ಅದರ ಮೇಲೆ ಶಾತವಾಹನರ ಕಾಲದವರು ಬಾಳಿ ಹೋದರೆಂದು ತೋರಿಸಿಕೊಟ್ಟರು. ಇಷ್ಟೆಲ್ಲ ಮಾಡಿದ ವಿದ್ವಾಂಸರು ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯೊಳಗೆ ಮಾತ್ರ ಕೈ ಹಾಕಲಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. (1936ರಲ್ಲಿ ಟಿವಿ ಸ್ಟ್ಯಾಂಡು ಎಲ್ಲಿತ್ತು ಎಂಬ ಆಕ್ಷೇಪವನ್ನು ವಿಷಯಾಂತರವೆಂದು ತಳ್ಳಿಹಾಕಲಾಗಿದೆ.)

ಉತ್ಖನನದ ನೆಲೆ ಒಂದು ದುಂಡನೆಯ ತಗಡಿನ ಬಿಸ್ಕತ್ತು ಡಬ್ಬ. ಬಿಸ್ಕತ್ತು ಮುಗಿದ ಮೇಲೆ ಕೆಲಕಾಲ ಸೂಜಿ-ದಾರದ ಆಳ್ವಿಕೆಯಲ್ಲಿದ್ದು, ಮನೆಗೆ ಮೊದಲ ಮೊಬೈಲು ಬಂದಂದಿನಿಂದ ವೈರುಗಳ ವಶವಾಯಿತೆಂದು ಮೌಖಿಕ ಪರಂಪರೆ, ಅಂದರೆ ಅಮ್ಮ, ಹೇಳುತ್ತದೆ. ಇಂಥ ಡಬ್ಬ, ಅಥವಾ ಅದರ ಪಾಠಾಂತರವಾದ ಶೂ ಪೆಟ್ಟಿಗೆ, ಗ್ಯಾಜೆಟ್ಟಿನ ಹುಚ್ಚಿರುವ ಪ್ರತಿ ಮನೆಯಲ್ಲೂ ಉಂಟು. ಇಲ್ಲ ಎನ್ನುವವರು ಸರಿಯಾಗಿ ಹುಡುಕಿಲ್ಲ.

ಕೆಲಸಕ್ಕೆ ಎದುರಾದ ಮೊದಲ ತೊಡಕು, ತೊಡಕೇ. ಒಂದು ವೈರಿನ ಬಾಲ ಹಿಡಿದೆಳೆದರೆ ಡಬ್ಬದ ಸಮಸ್ತ ಪ್ರಜೆಗಳೂ ಒಟ್ಟಾಗಿ ಮೇಲೆದ್ದು ಬರುತ್ತಾರೆ. ಈ ವಿಷಯದಲ್ಲಿ ಪೂರ್ವಸೂರಿಗಳ ಕೆಲಸವನ್ನು ನೆನೆಯಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಎಂಬಿಬ್ಬರು ದಾರದ ತುಂಡನ್ನು ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು 3,415 ಸಲ ಗಿರಗಿರನೆ ತಿರುಗಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಂಟು ಬೀಳಲು ಕೆಲವೇ ಸೆಕೆಂಡು ಸಾಕು. ದಾರ ಅರ್ಧ ಮೀಟರಿಗಿಂತ ಗಿಡ್ಡವಾದರೆ ಗಂಟು ಬೀಳುವುದು ಅಪರೂಪ. ಇದಕ್ಕಾಗಿ ಅವರಿಗೆ 2008ರ ಇಗ್ ನೊಬೆಲ್ ಬಂತು. ವಿನಯದಿಂದಲೇ ಒಂದು ಭಿನ್ನಮತ ದಾಖಲಿಸುತ್ತೇವೆ: ಅವರ ಪೆಟ್ಟಿಗೆ ತಿರುಗುತ್ತಿತ್ತು. ನಮ್ಮ ಡಬ್ಬ ಯಾರ ಗೊಡವೆಯೂ ಇಲ್ಲದೆ ಕೂತಲ್ಲೇ ಕೂತು ಗಂಟು ಹಾಕಿಕೊಳ್ಳುತ್ತದೆ. ಈ ಬಗ್ಗೆ ಕ್ಯಾಲಿಫೋರ್ನಿಯಾ ಮೌನ ವಹಿಸಿದೆ.

ಸ್ತರವಿನ್ಯಾಸ

ಮೇಲಿನ ಪದರ ಸಿ-ಟೈಪ್ ಯುಗದ್ದು. ಇಲ್ಲಿ ಸಿಕ್ಕವುಗಳಲ್ಲಿ ಹೆಚ್ಚಿನವು ಕುತ್ತಿಗೆ ಮುರಿದವು. ಒಂದಕ್ಕೆ ಇನ್ಸುಲೇಷನ್ ಟೇಪಿನ ಪಟ್ಟಿ ಕಟ್ಟಲಾಗಿದೆ. ಅದರ ಕೆಳಗಿನದು ಮೈಕ್ರೋ ಯುಎಸ್‌ಬಿ ಪದರ. ಡಬ್ಬದಲ್ಲೇ ದಪ್ಪನೆಯ ಪದರವಿದು. ಬೇರೆ ಉತ್ಖನನಗಳಲ್ಲಿ ಮಡಕೆ ಚೂರು ಸಿಗುವ ಪ್ರಮಾಣದಲ್ಲಿ ಇಲ್ಲಿ ಈ ವೈರು ಸಿಗುತ್ತದೆ. ಕಾರಣ ಐತಿಹಾಸಿಕ. ನಾನಾ ಬಗೆಯ ಪಿನ್ನುಗಳ ಹಾವಳಿಯಿಂದ ಬೇಸತ್ತ ಯುರೋಪಿನವರು 2009ರಲ್ಲಿ ಕಂಪನಿಗಳನ್ನು ಕೂರಿಸಿಕೊಂಡು ಒಪ್ಪಂದ ಮಾಡಿಸಿದರು: ಇನ್ನು ಮುಂದೆ ಎಲ್ಲರಿಗೂ ಮೈಕ್ರೋ ಯುಎಸ್‌ಬಿ. ವೈರುಗಳ ಗೋಳು ಇಲ್ಲಿಗೆ ಮುಗಿಯಿತೆಂದು ಲೋಕವೇ ನಂಬಿತು. ಐದೇ ವರ್ಷಕ್ಕೆ, 2014ರಲ್ಲಿ, ಸಿ-ಟೈಪ್ ಹುಟ್ಟಿತು. ಅದೇ ಯುರೋಪು ಮತ್ತೆ ಕೂತು, ಈ ಸಲ ಕಾನೂನನ್ನೇ ಮಾಡಿ, 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆಲ್ಲ ಸಿ-ಟೈಪೇ ಇರಬೇಕೆಂದಿತು. ಉದ್ದೇಶ, ಕಸ ಕಡಿಮೆ ಮಾಡುವುದು. ಡಬ್ಬದ ದೃಷ್ಟಿಯಿಂದ ನೋಡಿದರೆ ಪ್ರತಿ ಏಕೀಕರಣವೂ ಒಂದೊಂದು ಪದರ ಸೇರಿಸಿದೆ, ಅಷ್ಟೆ.

ಮೂರನೆಯದು ನೋಕಿಯಾ ಪದರ. ನೋಕಿಯಾ 1100 ಬಂದದ್ದು 2003ರಲ್ಲಿ. ಜಗತ್ತಿನಲ್ಲಿ ಒಟ್ಟು 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಕರೆಂಟು ಹೋದಾಗ ಅದರ ಟಾರ್ಚಿನ ಬೆಳಕಲ್ಲಿ ಊಟ ಮುಗಿಸಿದ ಕುಟುಂಬಗಳು ನಮ್ಮಲ್ಲಿ ಬೇಕಾದಷ್ಟಿವೆ. ಈ ಪದರದಲ್ಲಿ ಎರಡು ಕುಲಗಳನ್ನು ಗುರುತಿಸಬಹುದು: ದಪ್ಪ ಪಿನ್ನಿನವು, ಸಣ್ಣ ಪಿನ್ನಿನವು. ಎರಡಕ್ಕೂ ಪರಸ್ಪರ ಹೊಕ್ಕುಬಳಕೆ ಇರಲಿಲ್ಲ. ಆಮೇಲೆ ಕಂಪನಿಯೇ ಬೆರಳುದ್ದದ ಒಂದು ಸೇತುವೆ ವೈರು ಮಾಡಿ, ದಪ್ಪ ಪಿನ್ನಿನ ಚಾರ್ಜರನ್ನು ಸಣ್ಣ ಪಿನ್ನಿನ ಫೋನಿಗೆ ಹೊಂದಿಸಿಕೊಟ್ಟಿತು. ಅಂಥ ಒಂದು ಸೇತುವೆ ಅಖಂಡವಾಗಿ ದೊರೆತಿದೆ. ಇದರ ಮಹತ್ವ ಮುಂದೆ ತಿಳಿಯಲಿದೆ.

ಇನ್ನೂ ಕೆಳಗೆ ಲ್ಯಾಂಡ್‌ಲೈನಿನ ಚಪ್ಪಟೆ ವೈರು, ಮಾನಿಟರಿಗೆ ಹಾಕುವ ಹದಿನೈದು ಕಡ್ಡಿಯ ವಿಜಿಎ ಕೇಬಲು, ಪ್ರಿಂಟರು ಸತ್ತರೂ ಉಳಿದ ಅದರ ಡ್ರೈವರ್ ಸಿಡಿ. ಕಟ್ಟಕಡೆಗೆ ಕನ್ನೆಮಣ್ಣು: ಬಿಸ್ಕತ್ತಿನ ಅಡಿ ಹಾಸಿದ್ದ ಬಿಳಿ ಕಾಗದ. ನಡುವೆ ಒಂದು ಸೇಫ್ಟಿ ಪಿನ್ನೂ ಸೀರೆ ಫಾಲಿನ ದಾರವೂ ಸಿಕ್ಕಿದ್ದು, ಇವು ಹಿಂದಿನ ರಾಜವಂಶದ ಅವಶೇಷಗಳು. ಪಿನ್ನಿನ ತುದಿ ಲೇಖಕನ ಹೆಬ್ಬೆರಳಿನಲ್ಲಿ ಪತ್ತೆಯಾಯಿತು.

ಶಾಸನ ಪಾಠ

ಕಪ್ಪು ಚಾರ್ಜರೊಂದರ ಬೆನ್ನ ಮೇಲೆ ಬೂದುಬಣ್ಣದ ಬರಹವಿದೆ. ಅಕ್ಷರಗಳು ಸಾಸಿವೆಗಿಂತ ಚಿಕ್ಕವು. ಫೋನಿನಲ್ಲಿ ಫೋಟೋ ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿ ಓದಬೇಕಾಯಿತು. ಹಲ್ಮಿಡಿ ಶಾಸನದಲ್ಲಿರುವುದು ಹದಿನಾರು ಸಾಲು. ಇದೂ ಸುಮಾರು ಅಷ್ಟೇ, ಆದರೆ ಬಂಡೆಗಲ್ಲಿನ ಔದಾರ್ಯ ಪ್ಲಾಸ್ಟಿಕ್ಕಿಗಿಲ್ಲ.

ಶಾಸನ ರೂಢಿಯಂತೆ ಆಳ್ವಿಕೆಯ ಎಲ್ಲೆಯಿಂದ ಆರಂಭವಾಗುತ್ತದೆ: 'ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಜ್'. ಕವಿರಾಜಮಾರ್ಗ ಕನ್ನಡ ನಾಡಿನ ಹರವನ್ನು ಎರಡು ನದಿಗಳ ನಡುವೆ ಗುರುತಿಸಿದರೆ, ಈ ಚಾರ್ಜರಿನ ಸಾಮ್ರಾಜ್ಯ ಜಪಾನಿನ 100 ವೋಲ್ಟಿನಿಂದ ಅಮೆರಿಕದ 120ರ ಮೇಲೆ ಹಾದು ನಮ್ಮ 230ನ್ನೂ ಒಳಗೊಂಡು ಚಾಚಿದೆ. ಯಾವ ಚಕ್ರವರ್ತಿಗೂ ಒಲಿಯದ ದಿಗ್ವಿಜಯವಿದು. ಇಂಥ ದೊರೆ ಬಿಟ್ಟ ದತ್ತಿ ಎಷ್ಟು? ಮುಂದಿನ ಸಾಲು: 'ಔಟ್‌ಪುಟ್ 5 ವೋಲ್ಟ್, 1 ಆಂಪಿಯರ್'. ಗುಣಿಸಿದರೆ ಐದು ವ್ಯಾಟ್. ಈಗಿನ ಫೋನುಗಳು 120 ವ್ಯಾಟ್ ಎಂದು ಡಂಗುರ ಹೊಡೆಯುವಾಗ ಈ ಐದು ವ್ಯಾಟಿನ ದಾನಶೂರನನ್ನು ಕಂಡರೆ ಕರುಳು ಚುರುಕ್ಕೆನ್ನುತ್ತದೆ.

ಅನಂತರ ಲಾಂಛನಗಳು. ಚೌಕದೊಳಗೊಂದು ಚೌಕ ಕಂಡು, ರಂಗೋಲಿಯ ಆರಂಭವೆಂದೂ ಅಗ್ರಹಾರದ ನಕ್ಷೆಯೆಂದೂ ಮೊದಲು ಊಹಿಸಲಾಗಿತ್ತು. ನಿಜಾರ್ಥ ಎರಡು ಸುತ್ತಿನ ಇನ್ಸುಲೇಷನ್. ಆ ಕಾರಣಕ್ಕೇ ಇದಕ್ಕೆ ಮೂರನೇ ಪಿನ್ನು, ಅಂದರೆ ಅರ್ಥಿಂಗ್, ಬೇಡ. ಪಕ್ಕದ ಪುಟ್ಟ ಮನೆಯ ಚಿತ್ರಕ್ಕೆ ಮಳೆ-ಬಿಸಿಲಿಗೆ ಇಡಬೇಡಿ, ಒಳಗೇ ಬಳಸಿ ಎಂದರ್ಥ. ಕೊನೆಯಲ್ಲಿ, ಗಾಲಿಯಿರುವ ಕಸದ ತೊಟ್ಟಿ. ಅದರ ಮೇಲೆ ಅಡ್ಡಡ್ಡ ಗೀಟು. ಶಾಸನಾಭ್ಯಾಸಿಗಳಿಗೆ ಇದು ಚಿರಪರಿಚಿತ: ಶಾಪಾಶಯ. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದು ನಮ್ಮ ಶಾಸನಗಳು ಹೆದರಿಸುತ್ತವಲ್ಲ, ಹಾಗೆಯೇ ಇದನ್ನು ಮನೆಯ ಕಸದೊಂದಿಗೆ ಎಸೆಯಕೂಡದೆಂದು ಚಾರ್ಜರು ಹೆದರಿಸುತ್ತದೆ. ಬೆದರಿಕೆ ಸುಮ್ಮನೆ ಅಲ್ಲ. ಹಳೇ ವೈರಿನೊಳಗೆ ತಾಮ್ರವಿದೆ, ಮೇಲೆ ಪಿವಿಸಿ ಇದೆ. ತಾಮ್ರದಾಸೆಗೆ ಯಾರೋ ಅದನ್ನು ಬಯಲಲ್ಲಿ ಸುಟ್ಟರೆ ಏಳುವ ಹೊಗೆ ವಿಷ. ಇದಕ್ಕಾಗಿಯೇ ಕೇಂದ್ರದ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಹೊಸ ರೂಪದಲ್ಲಿ ಜಾರಿಗೆ ಬಂದು, ಮರುಬಳಕೆಯ ಹೊಣೆಯನ್ನು ತಯಾರಕರ ಹೆಗಲಿಗೆ ಹಾಕಿವೆ. ತಯಾರಕರು ಹೆಗಲು ಕೊಟ್ಟು ನಿಂತಿದ್ದರೂ ಡಬ್ಬದ ಮುಚ್ಚಳ ತೆಗೆಯಬೇಕಾದವರು ನಾವು. ಶಾಪಕ್ಕೆ ಹೆದರಿ ಕಸಕ್ಕೂ ಹಾಕದೆ, ಸೋಮಾರಿತನದಿಂದ ಇ-ತ್ಯಾಜ್ಯಕ್ಕೂ ಒಯ್ಯದೆ, ಮಧ್ಯಮ ಮಾರ್ಗವಾಗಿ ಡಬ್ಬದಲ್ಲೇ ಇಟ್ಟುಕೊಂಡಿದ್ದೇವೆ.

ಮತಭೇದ

ಸಿ-ಟೈಪಿನ ವಿಚಾರದಲ್ಲಿ ಆಚಾರ್ಯರಲ್ಲಿ ಒಮ್ಮತವಿಲ್ಲ. ಮೊದಲ ಪಕ್ಷ ಅದ್ವೈತಿಗಳದು: ಫೋನು, ಲ್ಯಾಪ್‌ಟಾಪು, ಇಯರ್‌ಫೋನು, ಗಡ್ಡದ ಟ್ರಿಮ್ಮರು ಎಲ್ಲಕ್ಕೂ ಕಿಂಡಿ ಒಂದೇ, ವೈರು ಒಂದೇ, ಭೇದವೆಂಬುದು ಬರೀ ಭ್ರಮೆ. ತಲೆಕೆಳಗಾಗಿ ಚುಚ್ಚಿದರೂ ಹೋಗುತ್ತದೆ, ಮೇಲು-ಕೀಳೆಂಬುದೂ ಇಲ್ಲ. ಹಳೇ ಯುಎಸ್‌ಬಿಗೆ ಈ ಸೌಲಭ್ಯವಿರಲಿಲ್ಲ. ಅದರ ರೂವಾರಿಗಳಲ್ಲಿ ಪ್ರಮುಖರಾದ, ಇಂಟೆಲ್‌ನಲ್ಲಿದ್ದ ಭಾರತೀಯ ಮೂಲದ ಅಜಯ್ ಭಟ್, ಎರಡೂ ಕಡೆಯಿಂದ ಹೋಗುವಂತೆ ಮಾಡಿದ್ದರೆ ವೈರು ಮತ್ತು ಸರ್ಕೀಟು ಹೆಚ್ಚಾಗಿ ಖರ್ಚು ಏರುತ್ತಿತ್ತೆಂದು ವಿವರಿಸಿದ್ದಾರೆ. ಕತ್ತಲಲ್ಲಿ ಕಂಪ್ಯೂಟರಿನ ಹಿಂದಿನ ಕಿಂಡಿಗೆ ಪೆನ್‌ಡ್ರೈವು ಚುಚ್ಚಲು ಪರದಾಡಿದವರು ಈ ವಿವರಣೆಯನ್ನು ಕ್ಷಮಿಸಿ ಮುಂದೆ ಹೋಗಬೇಕು.

ಆದರೆ ಪ್ರಸ್ತುತ ಲೇಖಕನಿಗೆ ಉಡುಪಿಯ ಪಕ್ಷವೇ ಸರಿಕಾಣುತ್ತದೆ. ಮಧ್ವಾಚಾರ್ಯರು ಹೇಳಿದ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು, ಮತ್ತು ಅದು ಸತ್ಯ. ಸಿ-ಟೈಪ್ ವೈರುಗಳೇ ಇದಕ್ಕೆ ಸಾಕ್ಷಿ. ನೋಡಲು ಅವಳಿ-ಜವಳಿ, ಒಂದು ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸುತ್ತದೆ, ಇನ್ನೊಂದು 40 ಗಿಗಾಬಿಟ್, ಮೂರನೆಯದು ಬರೀ ಕರೆಂಟು ಹರಿಸಿ ಡೇಟಾ ಎಂದರೆ ಏನೆಂದು ಕೇಳುತ್ತದೆ. ವಿದ್ಯುತ್ತಿನಲ್ಲೂ ಅಷ್ಟೆ. ಸಾಧಾರಣ ವೈರಿನ ಮಿತಿ 3 ಆಂಪಿಯರ್, ಅಂದರೆ 20 ವೋಲ್ಟಿನಲ್ಲಿ 60 ವ್ಯಾಟ್. ಅದಕ್ಕಿಂತ ಹೆಚ್ಚು ಹೊರಬೇಕಾದರೆ ಪ್ಲಗ್ಗಿನೊಳಗೆ ಪುಟ್ಟ ಚಿಪ್ಪೊಂದಿದ್ದು, 'ನನಗೆ 5 ಆಂಪಿಯರ್ ತಾಳುವ ಶಕ್ತಿಯಿದೆ' ಎಂದು ಚಾರ್ಜರಿಗೆ ಅದು ಅರಿಕೆ ಮಾಡಿಕೊಳ್ಳಬೇಕು. ಚಿಪ್ಪಿಲ್ಲದ ವೈರು ಹಾಕಿದರೆ ಲ್ಯಾಪ್‌ಟಾಪು ಮಧ್ಯಾಹ್ನವಾದರೂ ತುಂಬುವುದಿಲ್ಲ. ನಾವು ಲ್ಯಾಪ್‌ಟಾಪನ್ನು ಬೈಯುತ್ತೇವೆ. ಮೊದಲೆಲ್ಲ ಪಿನ್ನು ನೋಡಿದರೆ ಯಾವ ಕುಲವೆಂದು ಗೊತ್ತಾಗುತ್ತಿತ್ತು. ಈಗ ಎಲ್ಲರದೂ ಒಂದೇ ಮುಖ, ಯೋಗ್ಯತೆ ಒಳಗೆ. ದಪ್ಪ ಪಿನ್ನು-ಸಣ್ಣ ಪಿನ್ನಿನ ಜಗಳವೇ ಇದಕ್ಕಿಂತ ಪ್ರಾಮಾಣಿಕವಾಗಿತ್ತು ಎಂಬುದು ನಮ್ಮ ನಿಲುವು.

ಈ ಅಂತರ್ಗತ ಭೇದವನ್ನು ಪ್ರತ್ಯಕ್ಷ ಮಾಡಿಕೊಳ್ಳಲೆಂದು ವೋಲ್ಟು-ಆಂಪಿಯರು ತೋರಿಸುವ ಪುಟ್ಟ ಮೀಟರೊಂದನ್ನು ಆನ್‌ಲೈನಿನಲ್ಲಿ ತರಿಸಲಾಯಿತು. ಅದನ್ನು ಕೊಳ್ಳುವ ಮುನ್ನ ನೋಡಿದ ವಿಡಿಯೋಗಳ ಪಟ್ಟಿ ಕೊಟ್ಟರೆ ಪ್ರಬಂಧ ಉದ್ದವಾದೀತು. ವೈರುಗಳನ್ನು ವಿಂಗಡಿಸಿ ಕಡಿಮೆ ಮಾಡಲು ಬಂದ ಮೀಟರು ತನ್ನದೇ ಒಂದು ವೈರಿನೊಂದಿಗೆ ಬಂತು. ಈಗ ಎರಡೂ ಡಬ್ಬದಲ್ಲಿವೆ.

'ಬೇಕಾಗುತ್ತೆ' ನ್ಯಾಯ

ಪೂರ್ವಪಕ್ಷ: "ಇದ್ಯಾವುದ್ದೋ ಇದು? ಯಾವುದಕ್ಕೂ ಬರಲ್ಲ ಅಂದ್ಮೇಲೆ ಎಸಿ." (ಅಮ್ಮ, ಪೊರಕೆ ಸಮೇತ.)

ಸಿದ್ಧಾಂತ: "ಬೇಕಾಗುತ್ತೆ, ಇರಲಿ."

ಈ ಸಿದ್ಧಾಂತಕ್ಕೆ ಪ್ರಮಾಣಗಳೇನು? ಪ್ರತ್ಯಕ್ಷ ನಮ್ಮ ಪರವಾಗಿಲ್ಲ. ರಬ್ಬರು ಟೋಪಿಯ ದುಂಡು ಪಿನ್ನಿನ ವೈರೊಂದು ಯಾವುದರದೆಂದು ಕಣ್ಣಿಟ್ಟು ನೋಡಿದರೂ ತಿಳಿಯದು. ಅನುಮಾನ ಪ್ರಮಾಣ ಗಟ್ಟಿಯಾಗಿದೆ: ಹೊಗೆಯಿದ್ದಲ್ಲಿ ಬೆಂಕಿ, ವೈರಿದ್ದಲ್ಲಿ ಯಂತ್ರ. ಹಾಗಾಗಿ ಈ ವೈರಿನ ಯಂತ್ರ ಅಟ್ಟದ ಮೇಲೆ ಎಲ್ಲೋ ಇರಲೇಬೇಕು. ಶಬ್ದ ಪ್ರಮಾಣವೂ ಇದೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಇಕ್ಕಟ್ಟಿನ ಅಂಗಡಿಯೊಂದರಲ್ಲಿ ವೈರು ತೋರಿಸಿದಾಗ ಕೌಂಟರಿನಲ್ಲಿದ್ದ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಈಗ ಸಿಗಲ್ಲ ಸಾರ್" ಎಂದ. ಏನೆಂದು ಅವನಿಗೂ ತಿಳಿಯಲಿಲ್ಲ. ಆದರೆ ಸಿಗಲ್ಲ ಎಂಬ ಒಂದು ಮಾತಿಗೆ ವೈರು ಡಬ್ಬದಿಂದ ಬಡ್ತಿ ಪಡೆದು ಗಾಡ್ರೆಜ್ ಬೀರುವಿಗೆ ಹೋಗುವುದರಲ್ಲಿತ್ತು. ಎಲ್ಲಕ್ಕಿಂತ ಬಲವಾದದ್ದು ಮೀಮಾಂಸಕರ ಅನುಪಲಬ್ಧಿ, ಅಂದರೆ ಇಲ್ಲದಿರುವಿಕೆಯಿಂದ ಹುಟ್ಟುವ ಜ್ಞಾನ. ವೈರು ಏತಕ್ಕೆ ಬೇಕಿತ್ತೆಂಬ ಜ್ಞಾನ, ಅದನ್ನು ಎಸೆದು ಪೌರಕಾರ್ಮಿಕರ ಗಾಡಿ ತಿರುವಿನಾಚೆ ಹೋದ ಕ್ಷಣದಲ್ಲಿ ಉದಯಿಸುತ್ತದೆ.

ಇಷ್ಟಾದರೂ ಪೂರ್ವಪಕ್ಷ ಮಣಿಯದಿದ್ದಾಗ ದೃಷ್ಟಾಂತವೇ ಕೈಹಿಡಿಯಿತು. ಪಕ್ಕದ ಮನೆಯವರು ತಮ್ಮ ತಂದೆಯ ಹಳೇ ಹ್ಯಾಂಡ್‌ಸೆಟ್ಟು ಹಿಡಿದು ಬಂದರು; ಊರಿನ ಕಡೆಯ ನಂಬರುಗಳೆಲ್ಲ ಅದರಲ್ಲೇ ಇವೆ, ಚಾರ್ಜಿಲ್ಲ. ಸಣ್ಣ ಪಿನ್ನಿನದು. ನಮ್ಮ ಸಣ್ಣ ಪಿನ್ನಿನ ಚಾರ್ಜರಿನ ಕುತ್ತಿಗೆ ಮುರಿದಿತ್ತು. ಆಗ ದಪ್ಪ ಪಿನ್ನಿನ ಚಾರ್ಜರಿಗೆ ಆ ಬೆರಳುದ್ದದ ಸೇತುವೆ ಸಿಕ್ಕಿಸಿ ಫೋನಿಗೆ ಚುಚ್ಚಲಾಗಿ, ತುಸು ಹೊತ್ತು ಸತಾಯಿಸಿ, ಎರಡು ಕೈಗಳು ಕುಲುಕುವ ಆ ಹಳೇ ಚಿತ್ರ ಪರದೆಯ ಮೇಲೆ ಮೂಡಿತು. ಡಬ್ಬದ ಇತಿಹಾಸದಲ್ಲಿ ಇದೊಂದೇ ಸಲ ಅದರಿಂದ ಏನಾದರೂ ಉಪಯೋಗಕ್ಕೆ ಬಂದದ್ದು. ಆದರೆ ವ್ಯಾಪ್ತಿ ಸ್ಥಾಪನೆಗೆ ಒಂದು ದೃಷ್ಟಾಂತ ಸಾಕು. ಇನ್ನು ಒಂದು ತಲೆಮಾರು ಡಬ್ಬದ ತಂಟೆಗೆ ಯಾರೂ ಬರುವಂತಿಲ್ಲ.

ಪಕ್ಕದ ಮನೆಯವರು ಮರುದಿನ ಚಾರ್ಜರು ಹಿಂದಿರುಗಿಸುವಾಗ, "ನಿಮಗಾದರೆ ಇದೆಲ್ಲ ಗೊತ್ತಿದೆ" ಎಂದು ತಮ್ಮ ಮನೆಯ ವೈರುಗಳನ್ನೂ ದೊಡ್ಡದೊಂದು ಬಟ್ಟೆ ಅಂಗಡಿ ಚೀಲದಲ್ಲಿ ತುಂಬಿ ತಂದುಕೊಟ್ಟು ಹೋಗಿದ್ದಾರೆ. ಎರಡನೆಯ ಸಂಪುಟದ ಕೆಲಸ ಆರಂಭವಾಗಿದೆ. ಅದಕ್ಕಾಗಿ ಅಡುಗೆಮನೆಯ ಅಕ್ಕಿ ಡ್ರಮ್ಮನ್ನು ಕೋರಿ ಸಲ್ಲಿಸಿದ ಅರ್ಜಿ ಅಮ್ಮನ ಪರಿಶೀಲನೆಯಲ್ಲಿದೆ.