ರಾಗಿ ಚೀಲಕ್ಕೊಂದು ಕೆಂಪು ದೀಪ

ಮೈಸೂರಿನ ಸರಸ್ವತೀಪುರದಲ್ಲಿ ರಿಟೈರ್ಡ್ ಇಂಜಿನಿಯರ್ ಇಲ್ಲದ ಬೀದಿ ಹುಡುಕುವುದು ಕಷ್ಟ. ನಮ್ಮ ಬೀದಿಯವರ ಪಾಲಿಗೆ ಬಂದವರನ್ನು ಎಲ್ಲರೂ ‘ಸಾಹೇಬರು’ ಅಂತಲೇ ಕರೆಯುತ್ತೇವೆ. ಅವರು ನಿವೃತ್ತರಾಗಿ ಹನ್ನೊಂದು ವರ್ಷವಾಯಿತು, ಸಾಹೇಬಿಕೆ ಇನ್ನೂ ಸರ್ವಿಸಿನಲ್ಲಿದೆ. ಷರ್ಟಿನ ಜೇಬಿನಲ್ಲಿ ಟೆಸ್ಟರು, ಬಾಯಲ್ಲಿ “ಅದು ಹಾಗಲ್ಲ ಕಣ್ರೀ”. ಮದುವೆಮನೆಗೆ ಹೋದರೆ ಅಕ್ಷತೆ ಹಾಕುವುದಕ್ಕೆ ಮುಂಚೆ ಜನರೇಟರ್ ಎಲ್ಲಿಟ್ಟಿದ್ದಾರೆ ಅಂತ ಒಂದು ಸುತ್ತು ನೋಡಿ ಬರುತ್ತಾರೆ.

ಶುಗರ್ ಬಂದ ಮೇಲೆ ಡಾಕ್ಟರು ಸೈಕಲ್ ತುಳಿಯಿರಿ ಅಂದರು. ಮನೆಯಾಕೆ, “ಹೇಗೂ ತುಳೀತೀರಲ್ಲ, ಈ ಐದು ಕೇಜಿ ರಾಗಿ ಬೀಸಿಸಿಕೊಂಡು ಬನ್ನಿ” ಅಂದರು. ಬೇರೆಯವರಾಗಿದ್ದರೆ ಚೀಲವನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಸಾಹೇಬರು ಹಳೇ ರ‍್ಯಾಕಿನ ಆಂಗಲ್ಲು, ಮೊಮ್ಮಗನ ಸೈಕಲಿನ ಎರಡು ಚಕ್ರ ಸೇರಿಸಿ ಹಿಂದಕ್ಕೆ ಒಂದು ಟ್ರೇಲರನ್ನೇ ಕಟ್ಟಿದರು. ಅದರ ತೂಕ 18 ಕೇಜಿ.

“ಹಿಂದೆ ದೀಪ ಇಲ್ಲದ್ದು ವಾಹನವೇ ಅಲ್ಲ” ಎಂಬ ತೀರ್ಮಾನ ಆಮೇಲೆ ಬಂತು. ತೀರ್ಮಾನ ತಪ್ಪೇನಲ್ಲ. ಸುಗ್ಗಿಯಲ್ಲಿ ಮಂಡ್ಯದ ಕಡೆ ರಾತ್ರಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡವರಿಗೆ ಗೊತ್ತು: ಜಲ್ಲೆಯ ತುದಿ ಮೂಗಿಗೆ ತಾಕುವ ತನಕ ಗಾಡಿ ಕಾಣದು. ಸೀಟಿನ ಕೆಳಗಿನ ಕೆಂಪು ದೀಪ ಟ್ರೇಲರಿನ ಹೊರೆಗೆ ಮುಚ್ಚಿಹೋಗುತ್ತದೆ ಎನ್ನುವುದೂ ನಿಜ. ಅಷ್ಟಕ್ಕೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. “ಒಂದು ತುಂಡು ರೇಡಿಯಂ ಅಂಟಿಸಿ ಸಾರ್, ಸಾಕು” ಅಂದುಬಿಟ್ಟೆ.

“ರೇಡಿಯಂ! ರೇಡಿಯಂ ಅಂದ್ರೆ ಏನು ಗೊತ್ತೇನ್ರಿ? 1898ರಲ್ಲಿ ಕ್ಯೂರಿ ದಂಪತಿ ಕಂಡುಹಿಡಿದ ಮೂಲವಸ್ತು. ಅದನ್ನ ಗಾಡಿಗೆ ಅಂಟಿಸ್ತೀರಾ?” ಅಲ್ಲಿಂದ ಮುಕ್ಕಾಲು ಗಂಟೆ ನನಗೆ ಪಾಠವಾಯಿತು. ನಾವು ರೇಡಿಯಂ ಅನ್ನುವ ಟೇಪಿನಲ್ಲಿರುವುದು ಸಣ್ಣ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಅಂತೆ. ಬೆಳಕು ಬಂದ ದಾರಿಯಲ್ಲೇ ಅದನ್ನು ವಾಪಸು ಕಳಿಸುವುದಷ್ಟೇ ಅವುಗಳ ಕೆಲಸ. “ಹಿಂದೆ ಬರೋನೇ ಹೆಡ್‌ಲೈಟ್ ಹಾಕದೆ ಬಂದ್ರೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಟ್ಟ ಹತ್ತಿ ಡೈನಮೊ ಇಳಿಸಿದರು. 6 ವೋಲ್ಟು, 3 ವ್ಯಾಟು. ಮುಂದಿನ ದೀಪಕ್ಕೆ 2.4, ಹಿಂದಿನದಕ್ಕೆ 0.6. ದೀಪವಿಲ್ಲದ ಸೈಕಲಿನ ಚಕ್ರದ ಗಾಳಿ ಬಿಡುತ್ತಿದ್ದ ಪೊಲೀಸರ ಕಾಲದ ಮಾಲು.

ಸೈಕಲಿನಿಂದ ಟ್ರೇಲರಿಗೆ ವೈರು ದಾಟಿಸಲು ಬಿಚ್ಚಿ ಹಾಕುವಂಥ ಒಂದು ಕನೆಕ್ಟರ್ ಬೇಕಾಯಿತು. ಅದಕ್ಕಾಗಿ ಸಾಹೇಬರು ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಬಂದರು. ಹಿರಿಯರಿಗಿದ್ದ ರೈಲ್ವೆ ರಿಯಾಯಿತಿ 2020ರಲ್ಲೇ ನಿಂತಿರುವುದರಿಂದ ಕನೆಕ್ಟರಿಗಿಂತ ಟಿಕೆಟ್ಟೇ ದುಬಾರಿಯಾಯಿತು. ಆ ಲೆಕ್ಕವನ್ನು ಮನೆಯಾಕೆಯ ಮುಂದೆ ಯಾರೂ ಎತ್ತಬಾರದೆಂದು ನನಗೆ ಸೂಚನೆಯಿದೆ.

ದೀಪವನ್ನು ಟ್ರೇಲರಿನ ಬಲತುದಿಗೇ ಕೂರಿಸಿದರು, ಓವರ್‌ಟೇಕ್ ಮಾಡುವವರು ಆ ಕಡೆಯಿಂದ ತಾನೆ ಬರುವುದು. ಚಕ್ರ ತಿರುಗಿಸಿದರು. ಮುಂದಿನ ದೀಪ ಝಗ್ಗೆಂದಿತು, ಹಿಂದಿನದು ಮಿಸುಕಲಿಲ್ಲ. ಬಲ್ಬು ಬದಲಾಯಿತು, ವೈರು ಬದಲಾಯಿತು, ಮೀಟರಿನ ಸೆಲ್ಲೂ ಬದಲಾಯಿತು. ಮೂರನೆಯ ದಿನ ಪಂಕ್ಚರ್ ಅಂಗಡಿಯ ಹುಡುಗ ಪಂಪು ವಾಪಸು ಕೇಳಲು ಬಂದವನು ಕೊಂಡಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿದ. ಡೈನಮೊದಿಂದ ಹೊರಡುವುದು ಒಂದೇ ವೈರು. ಕರೆಂಟು ವಾಪಸು ಬರಬೇಕಾದದ್ದು ಸೈಕಲಿನ ಕಬ್ಬಿಣದಲ್ಲೇ. ಗಾಡಿ ಕುಲುಕಬಾರದೆಂದು ಸಾಹೇಬರು ಕೊಂಡಿಗೆ ಸ್ಕೂಟರಿನ ರಬ್ಬರ್ ಬುಷ್ ಹಾಕಿದ್ದರಲ್ಲ, ಕರೆಂಟು ಅಲ್ಲೇ ನಿಂತಿತ್ತು.

“ಅರ್ಥಿಂಗ್ ಇಲ್ಲ ಸಾರ್” ಅಂದ ಹುಡುಗ, ಒಂದು ತುಂಡು ವೈರನ್ನು ಆಚೆಗೂ ಈಚೆಗೂ ಹಿಡಿದ. ದೀಪ ಹತ್ತಿತು.

ಮೂವತ್ತು ವರ್ಷ ಊರೂರಿಗೆ ಲೈನು ಎಳೆಸಿದವರು ಅರ್ಧ ನಿಮಿಷ ಮಾತಾಡಲಿಲ್ಲ. ಆಮೇಲೆ, “ನಾನೂ ಅದನ್ನೇ ಹೇಳ್ತಿದ್ದೆ” ಅಂದರು. ಯಾರಿಗೆ ಹೇಳುತ್ತಿದ್ದರೋ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ನಿಮಗೆ ಇಂಜಿನಿಯರುಗಳ ಪರಿಚಯ ಸಾಲದು. ಸೈಕಲ್ ನಿಂತರೆ ಡೈನಮೊ ನಿಲ್ಲುತ್ತದೆ, ಡೈನಮೊ ನಿಂತರೆ ದೀಪ ಆರುತ್ತದೆ. ಸಿಗ್ನಲ್ಲಿನಲ್ಲಿ ಹಿಂದಿನಿಂದ ಯಾರಾದರೂ ಗುದ್ದಿದರೆ? ಬಲ್ಬು ಹೋಗಿ ಎಲ್‌ಇಡಿ ಬಂತು, ನಾಲ್ಕು ಡಯೋಡು ಬಂದವು, ಒಂದು ಫ್ಯಾರಡಿನ ಕೆಪಾಸಿಟರ್ ಬಂತು. ಅದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿದರು. ನಾಣ್ಯದಷ್ಟಿತ್ತು. “ನಾವು ಓದೋವಾಗ ಒಂದು ಫ್ಯಾರಡ್ ಅನ್ನೋದು ಪುಸ್ತಕದಲ್ಲಿ ಮಾತ್ರ ಇತ್ತು ಕಣ್ರೀ” ಅಂದಾಗ ಅವರ ದನಿ ಮೆತ್ತಗಾಗಿತ್ತು. ಮೊಮ್ಮಗನನ್ನು ಎತ್ತಿಕೊಂಡಾಗ ಮಾತ್ರ ಹಾಗೆ ಆಗುವುದನ್ನು ಕೇಳಿದ್ದೇನೆ.

ಟ್ರಯಲ್ಲಿನ ದಿನ ಸಂಜೆ ಏಳಕ್ಕೆ ನನ್ನನ್ನು ಬೀದಿಯ ತುದಿಯಲ್ಲಿ ಫೋನ್ ಕೊಟ್ಟು ನಿಲ್ಲಿಸಿದರು. “ಕಾಣಿಸ್ತಾ?” “ಕಾಣಿಸ್ತಿದೆ ಸಾರ್.” “ಎಷ್ಟು ಕಾಣಿಸ್ತಿದೆ?” “ಚೆನ್ನಾಗಿ ಕಾಣಿಸ್ತಿದೆ.” “ಚೆನ್ನಾಗಿ ಅನ್ನೋದು ಅಳತೆ ಅಲ್ಲ ಕಣ್ರೀ!” ಸೈಕಲ್ ನಿಂತಿತು. ದೀಪ ಉಳಿಯಿತು. ಒಂದು ನಿಮಿಷ, ಎರಡು, ನಾಲ್ಕು. ಕಾಂಪೌಂಡುಗಳ ಮೇಲಿಂದ ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅವರ ಮನೆಯಾಕೆ ಗೇಟಿಗೆ ಒರಗಿ ನಿಂತಿದ್ದರು. ಆ ರಾಗಿಯನ್ನು ಕೆಲಸದವಳ ಮಗ ಎರಡು ವಾರದ ಹಿಂದೆಯೇ ಬೀಸಿಸಿಕೊಂಡು ಬಂದು, ಮುದ್ದೆಯಾಗಿ ಖರ್ಚೂ ಆಗಿತ್ತು. ನಮ್ಮ ಬಡಾವಣೆಯ ಹಿಟ್ಟಿನ ಮಿಲ್ಲು ಸಂಜೆ ಆರಕ್ಕೇ ಬಾಗಿಲು ಹಾಕುತ್ತದೆ.